ಎಲೆಯಾಟದಲ್ಲಿ ದೈವವೂ ಪುರುಷಕಾರವೂ

ಪಣವೊಡ್ಡಿ ಆಡುವ ಆಟಗಳೆಲ್ಲವನ್ನೂ ಜೂಜೆಂಬ ಒಂದೇ ಹೆಸರಿನಿಂದ ಕರೆಯುವುದು ಲೋಕರೂಢಿ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ಇಷ್ಟು ಸ್ಥೂಲವಾಗಿ ನಡೆದುಕೊಂಡವರಲ್ಲ. ಮನುಸ್ಮೃತಿಯು ಅಚೇತನ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ ಪ್ರಾಣಿಗಳನ್ನು ಹೋರಾಡಿಸಿ ಪಣವೊಡ್ಡುವುದನ್ನು ಸಮಾಹ್ವಯವೆಂದೂ ವಿಭಾಗಿಸಿ ಎರಡನ್ನೂ ನಿಷೇಧಿಸುತ್ತದೆ. ಕೌಟಿಲ್ಯನಾದರೋ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನಿಯಮಿಸಿ, ಒಂದೇ ಸ್ಥಳದಲ್ಲಿ ಆಟ ನಡೆಯುವಂತೆ ಮಾಡಿ, ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದರಂತೆ ವಸೂಲು ಮಾಡಬೇಕೆಂದು ವಿಧಿಸಿದನು. ಒಬ್ಬರದು ಧರ್ಮದ ದೃಷ್ಟಿ, ಮತ್ತೊಬ್ಬರದು ಬೊಕ್ಕಸದ ದೃಷ್ಟಿ. ಆದರೆ ಆಟದ ಫಲದಲ್ಲಿ ದೈವದ ಪಾಲೆಷ್ಟು, ಆಡುವವನ ಬುದ್ಧಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಇವರಿಬ್ಬರೂ ಎತ್ತಲಿಲ್ಲ. ಆ ಪ್ರಶ್ನೆಯು ನ್ಯಾಯಾಸ್ಥಾನದ ಬಾಗಿಲಿಗೆ ಬಂದದ್ದು ಬ್ರಿಟಿಷ್ ಇಂಡಿಯಾದ 1867ರ ಸಾರ್ವಜನಿಕ ಜೂಜು ಶಾಸನದಿಂದ. ಕೇವಲ ನೈಪುಣ್ಯದ ಆಟಗಳಿಗೆ ಈ ಶಾಸನವು ಅನ್ವಯಿಸದು ಎಂದು ಅದರ 12ನೆಯ ಪ್ರಕರಣವು ಹೇಳಿತು. ನೈಪುಣ್ಯವನ್ನು ಅಳೆಯುವ ಬಗೆ ಹೇಗೆಂಬುದನ್ನು ಮಾತ್ರ ಹೇಳಲಿಲ್ಲ. ಆ ಮೌನದಿಂದ ಹುಟ್ಟಿದ ವಿವಾದಗಳಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಇಲ್ಲಿ ವಿಚಾರಿಸಬೇಕಾದುದು ಆ ಪಾಲನ್ನೇ.

ನಂದಿಬೆಟ್ಟದ ಆಸುಪಾಸಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯಲ್ಲಿ ಜೂಜೆಂದರೆ ಜನರ ಮನಸ್ಸಿಗೆ ಮೊದಲು ಬರುವುದು ಅಂದರ್-ಬಾಹರ್ ಎಂಬ ಇಸ್ಪೀಟಾಟ. ಇದರ ಕ್ರಮ ಅತಿ ಸುಲಭ. ಕಟ್ಟಿನಿಂದ ಒಂದೆಲೆಯನ್ನು ತೆಗೆದು ನಡುವೆ ಇಡುವರು. ಉಳಿದ 51 ಎಲೆಗಳನ್ನು ಒಂದು ಒಳಕ್ಕೆ, ಒಂದು ಹೊರಕ್ಕೆ ಎಂದು ಸರದಿಯಂತೆ ಹಾಕುತ್ತ ಹೋಗುವರು. ನಡುವಿನ ಎಲೆಗೆ ಸಮನಾದ ಎಲೆ ಯಾವ ಕಡೆ ಬೀಳುವುದೋ ಆ ಕಡೆಗೆ ಹಣ ಕಟ್ಟಿದವರಿಗೆ ಜಯ. ಸಮನಾದ ಎಲೆಗಳು ಉಳಿದಿರುವುದು ಮೂರು ಮಾತ್ರ. ಅವುಗಳಲ್ಲಿ ಮೊದಲನೆಯದು ಬೆಸ ಸಂಖ್ಯೆಯ ಸರದಿಯಲ್ಲಿ, ಅಂದರೆ ಮೊದಲು ಎಲೆ ಬಿದ್ದ ಕಡೆಯಲ್ಲಿ, ಕಾಣಿಸುವ ಸಂಭವವನ್ನು ಗಣಿಸಿದರೆ 20,825 ಬಗೆಗಳಲ್ಲಿ 10,725 ಬಗೆಗಳು ದೊರೆಯುತ್ತವೆ. ಎಂದರೆ ನೂರಕ್ಕೆ 51.5. ಎರಡು ಕಡೆಗಳಿಗೂ ಇರುವ ಅಂತರ ನೂರಕ್ಕೆ ಮೂರು. ಗಣಿತದಲ್ಲಿ ಪಾರಂಗತನಾದವನು ಈ ಆಟದಲ್ಲಿ ಮಾಡಬಹುದಾದುದೆಲ್ಲ ಇಷ್ಟೆ: ಮೊದಲು ಎಲೆ ಬೀಳುವ ಕಡೆಗೆ ಹಣ ಕಟ್ಟಿ ಸುಮ್ಮನೆ ಕುಳಿತುಕೊಳ್ಳುವುದು. ಆಟ ಆರಂಭವಾದ ಮೇಲೆ ಅವನಿಗೆ ತೀರ್ಮಾನಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಆಟವನ್ನು ನಡೆಸುವವನು ಆ ಕಡೆಯ ಗೆಲುವಿಗೆ ಸ್ವಲ್ಪ ಕಡಮೆ ಹಣ ಕೊಡುವ ಕಟ್ಟಳೆ ಮಾಡಿದನೆಂದರೆ ಆ ಅಲ್ಪ ಲಾಭವೂ ಇಲ್ಲವಾಗುತ್ತದೆ. ದೈವಾಯತ್ತವಾದ ಆಟವೆಂದರೆ ಇದು.

ಇದಕ್ಕೆ ಪ್ರತಿಯಾಗಿ, ಪಗಡೆಯ ವಿಷಯದಲ್ಲಿಯೂ ಕೂಡ ಪುರುಷಕಾರಕ್ಕೆ ಎಡೆಯುಂಟೆಂಬ ಭಾವನೆ ನಮ್ಮ ಪುರಾಣ ಸಾಹಿತ್ಯದಲ್ಲಿ ಬಲವಾಗಿದೆ. ಮಹಾಭಾರತದ ವನಪರ್ವದ ನಳೋಪಾಖ್ಯಾನವನ್ನು ಕನ್ನಡಿಗರು ಕನಕದಾಸರ ನಳಚರಿತ್ರೆಯಿಂದ ಚೆನ್ನಾಗಿ ಬಲ್ಲರು. ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಋತುಪರ್ಣನು ತಾರೆಯ ಮರವೊಂದನ್ನು ನೋಡಿ ಅದರ ಎಲೆಗಳ ಮತ್ತು ಕಾಯಿಗಳ ಸಂಖ್ಯೆಯನ್ನು ಒಂದೊಂದಾಗಿ ಎಣಿಸದೆಯೇ ಹೇಳಿಬಿಡುತ್ತಾನೆ. ನಳನು ಆ ಸಂಖ್ಯಾನ ವಿದ್ಯೆಯನ್ನೂ ಅಕ್ಷಹೃದಯವನ್ನೂ ಅವನಿಂದ ಪಡೆದು, ಅದಕ್ಕೆ ಬದಲಾಗಿ ಅಶ್ವಹೃದಯವನ್ನು ಕೊಡುತ್ತಾನೆ. ಎಣಿಕೆಯ ವಿದ್ಯೆಯನ್ನೂ ದಾಳದ ವಿದ್ಯೆಯನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಆಕಸ್ಮಿಕವಲ್ಲ. ಸಂಭವಗಣಿತದ ಚರಿತ್ರೆಯನ್ನು ಬರೆದ ಪಾಶ್ಚಾತ್ಯ ವಿದ್ವಾಂಸರೂ ಈ ಪ್ರಸಂಗವನ್ನು ಗಮನಿಸಿದ್ದಾರೆ. ಇನ್ನೊಂದು ಸಂಗತಿಯೂ ಇಲ್ಲಿ ಸ್ಮರಣೀಯ. ಈ ಕಥೆಯನ್ನು ಹೇಳಿದ ಬೃಹದಶ್ವ ಮುನಿಯು ಧರ್ಮರಾಯನಿಗೂ ಅಕ್ಷಹೃದಯವನ್ನು ಉಪದೇಶಿಸುತ್ತಾನೆ. ಅಜ್ಞಾತವಾಸದಲ್ಲಿ ಧರ್ಮರಾಯನು ಕಂಕನೆಂಬ ಹೆಸರಿನಿಂದ ವಿರಾಟನ ಆಸ್ಥಾನದಲ್ಲಿ ಪಗಡೆಯಾಡಿಸುವವನಾಗಿ ನಿಲ್ಲುವುದು ಆ ಬಲದ ಮೇಲೆ. ಹಸ್ತಿನಾವತಿಯ ಸಭೆಯಲ್ಲಿ ಅವನಿಗೆ ಕೊರತೆಯಾಗಿದ್ದುದು ಈ ವಿದ್ಯೆಯೊಂದೇ ಅಲ್ಲ. ಕರೆ ಬಂದ ಮೇಲೆ ಹಿಂದೆಗೆಯಲಾರೆನೆಂಬ ವ್ರತವನ್ನು ಅವನು ಹಿಡಿದಿದ್ದನು. ಆಟದಿಂದ ಏಳುವ ಸ್ವಾತಂತ್ರ್ಯವನ್ನು ತಾನಾಗಿಯೇ ಬಿಟ್ಟುಕೊಟ್ಟವನಿಗೆ ಯಾವ ಗಣಿತವೂ ಒದಗುವುದಿಲ್ಲ. ಈ ಮಾತು ಮುಂದೆ ಪೋಕರಿನ ವಿಚಾರದಲ್ಲಿ ಉಪಯೋಗಕ್ಕೆ ಬರುತ್ತದೆ.

ರಾಜಾಸ್ಥಾನಗಳಲ್ಲಿ ಆಟವು ಶಾಸ್ತ್ರವಾಗಿ ಬೆಳೆದುದಕ್ಕೆ ಕರ್ನಾಟಕವು ಎರಡು ಸಾಕ್ಷ್ಯಗಳನ್ನು ಒದಗಿಸುತ್ತದೆ. ಮೊದಲನೆಯದು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. 12ನೆಯ ಶತಮಾನದ ಈ ಗ್ರಂಥವು ಚದುರಂಗ, ಪಗಡೆ ಮೊದಲಾದುವನ್ನು ರಾಜನ ವಿನೋದಗಳಲ್ಲಿ ಸೇರಿಸಿ ವಿವರಿಸುತ್ತದೆ. ಎರಡನೆಯದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ. 1831ರಲ್ಲಿ ರಾಜ್ಯಾಡಳಿತವು ಕಂಪನಿಯವರ ಕೈಗೆ ಹೋದ ಮೇಲೆ, 1868ರಲ್ಲಿ ದೈವಾಧೀನರಾಗುವವರೆಗೆ, ಒಡೆಯರಿಗೆ ವಿದ್ಯಾವಿನೋದಗಳಿಗೆ ಬೇಕಾದಷ್ಟು ಅವಕಾಶವಿತ್ತು. ಚದುರಂಗದ ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮೆಟ್ಟಿ ಬರುವ ನಡೆಗಳನ್ನು ಅವರು ರಚಿಸಿದರು. ಒಂಬತ್ತು ನಿಧಿಗಳುಳ್ಳ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಛದವೆಂಬ ಎಲೆಯಾಟದ ಅನೇಕ ಪ್ರಭೇದಗಳು ನಿರೂಪಿತವಾಗಿವೆ. ಛದವೆಂದರೆ ಸಂಸ್ಕೃತದಲ್ಲಿ ಎಲೆ. ಇವುಗಳಲ್ಲಿ ಎಲೆಗಳ ಸಂಖ್ಯೆ 36ರಿಂದ 360ರವರೆಗೂ ಹೋಗುತ್ತದೆ. 52 ಎಲೆಗಳ ಕಟ್ಟಿನಲ್ಲಿಯೇ ಕಣ್ಣು ಮಂಕಾಗುವವರು 360 ಎಲೆಗಳ ಆಟವನ್ನು ಊಹಿಸಿಕೊಳ್ಳುವುದು ಕಷ್ಟ. ಅರಮನೆಯಲ್ಲಿಯೂ ಅದನ್ನು ಎಷ್ಟು ಮಂದಿ ಆಡುತ್ತಿದ್ದರೋ ಸಂದೇಹಾಸ್ಪದವೇ. ಅದರ ಸೊಗಸು ಆಡುವುದಕ್ಕಿಂತ ಕಲ್ಪಿಸುವುದರಲ್ಲಿಯೇ ಹೆಚ್ಚಾಗಿತ್ತೆಂದು ತೋರುತ್ತದೆ.

ಛದದ ಮೂಲವು ಗಂಜೀಫ. ಬಾಬರನು 1527ರಲ್ಲಿ ಸಿಂಧಿನ ಶಾಹ ಹಸನನಿಗೆ ಗಂಜೀಫವನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲ್ ಕಟ್ಟಿನಲ್ಲಿ ಎಂಟು ಬಣ್ಣ, ಬಣ್ಣವೊಂದಕ್ಕೆ ಹನ್ನೆರಡರಂತೆ 96 ಎಲೆ. ಹಿಂದೂಗಳ ದಶಾವತಾರ ಕಟ್ಟಿನಲ್ಲಿ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣದಲ್ಲಿಯೂ ರಾಜ, ಮಂತ್ರಿ, ಬಳಿಕ ಒಂದರಿಂದ ಹತ್ತರವರೆಗೆ ಸಂಖ್ಯೆಯ ಎಲೆಗಳು. ಈ ಆಟದ ವಿಶೇಷವು ಇಲ್ಲಿದೆ: ಅರ್ಧ ಬಣ್ಣಗಳಲ್ಲಿ ಮಂತ್ರಿಯ ತರುವಾಯ ಹತ್ತು ದೊಡ್ಡದು, ಒಂದು ಎಲ್ಲಕ್ಕಿಂತ ಸಣ್ಣದು, ಉಳಿದರ್ಧದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಸಣ್ಣದು. ಒಂದೇ ಕೈಯಲ್ಲಿ ಹಿಡಿದ ಎಲೆಗಳನ್ನು ಎರಡು ವಿರುದ್ಧ ಮಾನಗಳಿಂದ ಏಕಕಾಲದಲ್ಲಿ ತೂಗಬೇಕು. ಹಗಲಾದರೆ ರಾಮನ ರಾಜನುಳ್ಳವನು ಆಟ ತೆರೆಯಬೇಕು, ರಾತ್ರಿಯಾದರೆ ಕೃಷ್ಣನ ರಾಜನುಳ್ಳವನು. ತನ್ನ ಕೈಯಲ್ಲಿರುವ ಸಣ್ಣ ಎಲೆಯೊಂದು ಈಗ ಆ ಬಣ್ಣದಲ್ಲಿ ಉಳಿದವುಗಳಿಗೆಲ್ಲ ದೊಡ್ಡದಾಗಿದೆಯೇ ಎಂಬುದು ಹೋದ ಎಲೆಗಳ ನೆನಪಿನಿಂದಲೇ ತಿಳಿಯಬೇಕಾದುದು. ಎಲೆಗಳು ಹಂಚಿಕೆಯಾಗುವುದು ದೈವದಿಂದ. ಆ ಬಳಿಕ ನಡೆಯುವುದೆಲ್ಲ ಜ್ಞಾಪಕಶಕ್ತಿಯ ಮತ್ತು ತೀರ್ಮಾನದ ಕೆಲಸ.

ಛದವು ಅರಮನೆಯಲ್ಲಿ ಉಳಿಯಿತು. ನಗರದ ವಿದ್ಯಾವಂತರಲ್ಲಿ ವಿಲಾಯಿತಿಯ 52 ಎಲೆಗಳ ಕಟ್ಟು ಅದರ ಸ್ಥಾನವನ್ನು ಆಕ್ರಮಿಸಿತು. ಅದು ನೆಲೆಗೊಂಡ ಸ್ಥಳ ಕ್ಲಬ್ಬು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದುದು, ಆಂಗ್ಲರ ಕ್ಲಬ್ಬುಗಳಲ್ಲಿ ಪ್ರವೇಶವಿಲ್ಲದಿದ್ದ ದೇಶೀಯರಿಗೆ ಸಮಾಗಮದ ಸ್ಥಳವೊಂದು ಬೇಕೆಂದು. ಆ ಕಾಲದ ಕ್ಲಬ್ಬುಗಳಲ್ಲಿ ವಾಚನಾಲಯ, ಟೆನ್ನಿಸ್ ಅಂಗಳಗಳ ಜತೆಗೆ ಎಲೆಯಾಟದ ಕೊಠಡಿಯೂ ಸಾಮಾನ್ಯವಾಗಿತ್ತು. ಹೀಗೆ ಒಂದೇ ಸೀಮೆಯಲ್ಲಿ ಇಸ್ಪೀಟಿಗೆ ಎರಡು ನೆಲೆಗಳಾದುವು: ಹಳ್ಳಿಯ ತೋಪಿನ ಅಂದರ್-ಬಾಹರ್, ಪಟ್ಟಣದ ಕ್ಲಬ್ಬಿನ ಬ್ರಿಜ್ಜು ಮತ್ತು ರಮ್ಮಿ. ಪೋಲೀಸಿನವರ ದೃಷ್ಟಿ ಹೆಚ್ಚಾಗಿ ಬಿದ್ದುದು ಮೊದಲನೆಯದರ ಮೇಲೆ. ಇದರಲ್ಲಿ ವರ್ಗಭೇದದ ಅಂಶವೂ ಇಲ್ಲದಿಲ್ಲ. ಆದರೆ ಆಟಗಳ ರಚನೆಯಲ್ಲಿಯೇ ಒಂದು ನಿಜವಾದ ಭೇದವಿತ್ತೆಂಬುದನ್ನೂ ಮರೆಯಲಾಗದು.

ಆ ಭೇದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದುದು ಎರಡು ಹಂತಗಳಲ್ಲಿ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯ ಮೂಲಕ ನಡೆಯುತ್ತಿದ್ದ ಪದಬಂಧದ ಸ್ಪರ್ಧೆಗಳು ಮುಂಬಯಿ ಸರ್ಕಾರದ ತೆರಿಗೆಗೆ ಒಳಗಾದುವು. ವಿವಾದವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1957ರ ಏಪ್ರಿಲ್ 9ರಂದು ಹೊರಬಿದ್ದ ಚಮರಬಾಗವಾಲಾ ತೀರ್ಪುಗಳಲ್ಲಿ, ಜಯವು ಗಣನೀಯ ಪ್ರಮಾಣದಲ್ಲಿ ನೈಪುಣ್ಯವನ್ನು ಅವಲಂಬಿಸಿರುವ ಸ್ಪರ್ಧೆಯು ಜೂಜಲ್ಲವೆಂಬ ಸೂತ್ರವು ನೆಲೆಗೊಂಡಿತು. ಎರಡನೆಯದು ರಮ್ಮಿಯ ವಿಷಯ. ಹೈದರಾಬಾದಿನ ಜೂಜು ಶಾಸನದ ಕೆಳಗೆ ಬಂದ ಸತ್ಯನಾರಾಯಣ ಪ್ರಕರಣದಲ್ಲಿ, 1967ರ ನವೆಂಬರಿನಲ್ಲಿ, ಅದೇ ನ್ಯಾಯಾಲಯವು ಬಿದ್ದ ಎಲೆಗಳನ್ನು ನೆನಪಿಡುವುದಕ್ಕೂ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ನಿರ್ಣಯಿಸುವುದಕ್ಕೂ ನೈಪುಣ್ಯ ಬೇಕಾದುದರಿಂದ ರಮ್ಮಿಯು ಪ್ರಧಾನವಾಗಿ ನೈಪುಣ್ಯದ ಆಟವೆಂದು ಹೇಳಿತು. ಮೂರೆಲೆಯ ಆಟವನ್ನು ಮಾತ್ರ ಕೇವಲ ಅದೃಷ್ಟದ ಆಟವೆಂದು ಬೇರ್ಪಡಿಸಿತು. ಏಕೀಕರಣವಾದ ಮೇಲೆ ಕನ್ನಡ ನಾಡಿನ ಬೇರೆ ಬೇರೆ ಭಾಗಗಳಲ್ಲಿದ್ದ ಜೂಜು ಶಾಸನಗಳಿಗೆ ಬದಲಾಗಿ ಬಂದ 1963ರ ಪೋಲೀಸ್ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶುದ್ಧ ನೈಪುಣ್ಯದ ಆಟವನ್ನು ಮಾತ್ರವಲ್ಲದೆ ಅದರಲ್ಲಿ ಭಾಗವಹಿಸುವವರು ತಾವೇ ಕಟ್ಟುವ ಪಣವನ್ನೂ ತನ್ನ 176ನೆಯ ಪ್ರಕರಣದಲ್ಲಿ ದಂಡನೆಯಿಂದ ಹೊರಗಿಟ್ಟಿತು.

ಈ ಹಿನ್ನೆಲೆಯಲ್ಲಿ ಪೋಕರು ಬೆಂಗಳೂರಿಗೆ ಬಂದಿತು. 2013ರ ಅಕ್ಟೋಬರಿನಲ್ಲಿ, ಪೋಕರ್ ಆಟಗಾರರ ಸಂಘವೊಂದು ತಂದ ಅರ್ಜಿಯ ಮೇಲೆ, ಕರ್ನಾಟಕದ ಉಚ್ಚ ನ್ಯಾಯಾಲಯವು ಪೋಕರನ್ನು ನೈಪುಣ್ಯದ ಆಟವಾಗಿ ಆಡುವುದಾದರೆ ಅದಕ್ಕೆ ಪರವಾನಗಿ ಬೇಕಿಲ್ಲವೆಂದಿತು. ನಾಲ್ಕು ವರ್ಷಗಳ ಮೇಲೆ, 2017ರ ಡಿಸೆಂಬರಿನಲ್ಲಿ, ಗುಜರಾತಿನ ಉಚ್ಚ ನ್ಯಾಯಾಲಯವು ಅದೇ ಆಟವನ್ನು ಜೂಜೆಂದು ತೀರ್ಮಾನಿಸಿತು. ಎಲೆಗಳು ಅವೇ, ನಿಯಮಗಳು ಅವೇ; ತೀರ್ಪುಗಳು ಎರಡು. ಒಂದು ಪಕ್ಷದವರು ಎಲೆ ಹಂಚುವ ಕೈಯನ್ನೂ ಇನ್ನೊಂದು ಪಕ್ಷದವರು ಎಲೆ ಹಿಡಿದ ಕೈಯನ್ನೂ ನೋಡಿದುದರಿಂದ ಈ ಭೇದ ಉಂಟಾಯಿತೆನ್ನಬಹುದು. ಯಾವ ನೋಟವು ಸರಿಯೆಂಬುದನ್ನು ತಿಳಿಯಬೇಕಾದರೆ ಪೋಕರಿನ ಪ್ರಭೇದಗಳಲ್ಲಿ ದೈವದ ಆಡಂಬರವು ಅತ್ಯಧಿಕವಾಗಿ ಕಾಣುವ, ಆದರೆ ಲೆಕ್ಕವು ಅತ್ಯಂತ ಸೂಕ್ಷ್ಮವಾಗಿರುವ ಒಂದನ್ನು ತೆಗೆದುಕೊಂಡು ಪರೀಕ್ಷಿಸುವುದು ಉಚಿತ. ಅದೇ ಲಿಮಿಟ್ ಒಮಾಹಾ ಹೈ-ಲೋ.

1980ರ ದಶಕದ ಆದಿಯಲ್ಲಿ ಒಮಾಹಾ ಆಟವು ಅಮೆರಿಕದ ಲಾಸ್ ವೇಗಸ್ ನಗರದ ಜೂಜುಗೃಹಗಳಲ್ಲಿ ರೂಢಿಗೆ ಬಂದಿತು. ಪ್ರತಿಯೊಬ್ಬನಿಗೂ ನಾಲ್ಕೆಲೆಗಳನ್ನು ಗುಟ್ಟಾಗಿ ಹಂಚುವರು. ನಡುವೆ ಮೊದಲು ಮೂರು, ಬಳಿಕ ಒಂದು, ಕಡೆಗೆ ಇನ್ನೊಂದು ಹೀಗೆ ಐದೆಲೆಗಳನ್ನು ಎಲ್ಲರಿಗೂ ಸಾಧಾರಣವಾಗಿ ತೆರೆದಿಡುವರು. ತನ್ನ ನಾಲ್ಕರಲ್ಲಿ ಎರಡನ್ನೂ ನಡುವಿನವುಗಳಲ್ಲಿ ಮೂರನ್ನೂ ಕೂಡಿಸಿ ಐದೆಲೆಯ ಕೈಯನ್ನು ಕಟ್ಟಬೇಕು. ತನ್ನವು ಎರಡಕ್ಕೆ ಹೆಚ್ಚಾಗಲೂ ಕೂಡದು, ಕಡಮೆಯಾಗಲೂ ಕೂಡದು. ಹೈ-ಲೋ ಪ್ರಭೇದದಲ್ಲಿ ಪಣದ ರಾಶಿಯ ಅರ್ಧವು ಎಲ್ಲರಿಗಿಂತ ಮೇಲಾದ ಕೈಗೆ, ಅರ್ಧವು ಎಲ್ಲರಿಗಿಂತ ಕೆಳಗಿನ ಕೈಗೆ ಸಲ್ಲುತ್ತದೆ. ಕೆಳಗಿನ ಕೈಯಾಗಬೇಕಾದರೆ ಐದೆಲೆಗಳೂ ಎಂಟು ಅಥವಾ ಅದಕ್ಕಿಂತ ಕಡಮೆಯವಾಗಿ, ಒಂದಕ್ಕೊಂದು ಬೇರೆಯಾಗಿರಬೇಕು. ಎಕ್ಕವು ಅಲ್ಲಿ ಒಂದೆಂದೇ ಗಣನೆ. ಅಂತಹ ಕೈ ಯಾರಿಗೂ ಇಲ್ಲದಿದ್ದರೆ ರಾಶಿಯೆಲ್ಲವೂ ಮೇಲಿನ ಕೈಯದು. ಒಬ್ಬನೇ ಎರಡೂ ಕಡೆ ಗೆಲ್ಲುವುದುಂಟು. ಗಂಜೀಫದಲ್ಲಿ ಬಣ್ಣಕ್ಕೊಂದು ಮಾನವಿದ್ದಂತೆ ಇಲ್ಲಿ ಒಂದೇ ಎಲೆಗೆ ಏಕಕಾಲದಲ್ಲಿ ಎರಡು ಮಾನಗಳು. ಲಿಮಿಟ್ ಎಂಬ ವಿಶೇಷಣದಿಂದ ಪಣದ ಮೊತ್ತವೂ ನಿಯಮಿತ: ನಾಲ್ಕು ಸುತ್ತುಗಳಲ್ಲಿ ಮೊದಲೆರಡಕ್ಕೆ ಒಂದು ಮಾನ, ಕಡೆಯೆರಡಕ್ಕೆ ಅದರ ಇಮ್ಮಡಿ. ಹಣದ ರಾಶಿಯನ್ನು ಮುಂದೊಡ್ಡಿ ಎದುರಾಳಿಯನ್ನು ಬೆದರಿಸಿ ಎಬ್ಬಿಸುವುದಕ್ಕೆ ಇಲ್ಲಿ ಅವಕಾಶವಿರುವುದು ಅತ್ಯಲ್ಪ. ಉಳಿಯುವುದು ಲೆಕ್ಕ ಮತ್ತು ಸಂಯಮ.

ಎರಡೆಲೆಯ ಹೋಲ್ಡೆಮ್ ಆಟದಲ್ಲಿ ಆರಂಭದ ಕೈಗಳು 1,326. ನಾಲ್ಕೆಲೆಯ ಒಮಾಹಾದಲ್ಲಿ 2,70,725. ಇಷ್ಟು ವೈವಿಧ್ಯವಿರುವುದರಿಂದ ಯಾವ ಕೈಯಾದರೂ ಆಡಬಹುದೆಂಬ ಭ್ರಮೆ ಹೊಸಬನಿಗೆ ಹುಟ್ಟುತ್ತದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಆಟಗಾರನ ಕೈಯಲ್ಲಿ ಎಕ್ಕ, ಎರಡು, ರಾಜ, ರಾಣಿ. ನಡುವೆ ನಾಲ್ಕು, ಏಳು, ಗುಲಾಮ. ಅವನಿಗೆ ಕಾಣದ ಎಲೆಗಳು 45. ಮೂರು, ಐದು, ಆರು, ಎಂಟು ಇವುಗಳಲ್ಲಿ ಯಾವುದು ಬಿದ್ದರೂ ಅವನಿಗೆ ಕೆಳಗಿನ ಕೈ ಸಿದ್ಧಿಸುತ್ತದೆ; ಅಂತಹ ಎಲೆಗಳು 16. ಬರಬೇಕಾದ ಎರಡೆಲೆಗಳಲ್ಲಿ ಒಂದಾದರೂ ಅಂಥದಾಗುವ ಸಂಭವ ನೂರಕ್ಕೆ 59. ನೋಡುವುದಕ್ಕೆ ಇದು ಹಿರಿದಾಗಿಯೇ ಇದೆ. ಈಗ ರಾಶಿಯಲ್ಲಿ ಆರು ಮಾನಗಳಿದ್ದು, ಆಟದಲ್ಲಿ ಉಳಿಯಲು ಅವನು ಒಂದು ಮಾನವನ್ನು ಹಾಕಬೇಕೆನ್ನೋಣ. ಮುಂದಿನ ಸುತ್ತುಗಳ ಪಣವನ್ನೂ ಮೇಲಿನ ಕೈ ದೊರೆಯುವ ಸಂಭವವನ್ನೂ ಸದ್ಯಕ್ಕೆ ಬದಿಗಿಟ್ಟರೆ, ಕೆಳಗಿನರ್ಧವಾದ ಮೂರೂವರೆ ಮಾನಗಳು ಅವನೊಬ್ಬನಿಗೇ ದೊರೆಯುವ ಪಕ್ಷದಲ್ಲಿ ಒಂದು ಮಾನಕ್ಕೆ ಎರಡಕ್ಕಿಂತ ತುಸು ಹೆಚ್ಚು ಮರಳುತ್ತದೆ. ಎದುರಾಳಿಯೊಬ್ಬನ ಕೈಯಲ್ಲಿಯೂ ಎಕ್ಕ, ಎರಡು ಇದ್ದರೆ ಅದೇ ಒಂದು ಮಾನಕ್ಕೆ ಮರಳುವುದು 1.03. ಲಾಭವು ಆವಿಯಾಗಿಹೋಯಿತು. ಅಷ್ಟೇ ಅಲ್ಲ, ನಡುವೆ ಇನ್ನೊಂದು ಎಕ್ಕವೋ ಎರಡೋ ಬಿದ್ದರೆ ಅವನ ಕೈಯ ಆ ಎಲೆಯು ಕೆಲಸಕ್ಕೆ ಬಾರದಾಗುತ್ತದೆ. ಎಲೆಗಳು ಬದಲಾಗಲಿಲ್ಲ; ಎದುರಿಗೆ ಕುಳಿತವನು ಏನನ್ನು ಹಿಡಿದಿರಬಹುದೆಂಬ ಊಹೆಯೊಂದರಿಂದಲೇ ಕೈಯ ಬೆಲೆ ಅರ್ಧಕ್ಕಿಳಿಯಿತು.

ಕೊನೆಯ ಸುತ್ತಿನಲ್ಲಿ ಈ ಸೂಕ್ಷ್ಮತೆ ಇನ್ನೂ ಹೆಚ್ಚು. ಒಬ್ಬನಿಗೆ ಸಾಧ್ಯವಾದುದರಲ್ಲಿ ಅತ್ಯುತ್ತಮವಾದ ಕೆಳಗಿನ ಕೈ ದೊರೆತಿದೆ. ಅವನನ್ನು ಆ ಕಡೆ ಯಾರೂ ಸೋಲಿಸಲಾರರು. ಮೇಲಿನ ಕೈ ಅವನದಲ್ಲ. ಎದುರಾಳಿಯೊಬ್ಬನಲ್ಲಿಯೂ ಅದೇ ಕೆಳಗಿನ ಕೈಯಿದೆಯೆಂದು ಅವನಿಗೆ ತೋರುತ್ತದೆ. ಹಾಗಿದ್ದರೆ ಅವನ ಪಾಲು ರಾಶಿಯ ಕಾಲುಭಾಗ. ಆಟದಲ್ಲಿ ಮೂವರಿದ್ದು ಅವನು ಪಣವನ್ನು ಒಂದು ಮಾನ ಏರಿಸಿದರೆ, ಮೂವರಿಂದ ಮೂರು ಮಾನಗಳು ಬಂದು ಅವನಿಗೆ ಮುಕ್ಕಾಲು ಮರಳುತ್ತದೆ. ಸೋಲದ ಕೈಯನ್ನು ಹಿಡಿದು ಏರಿಸಿದ ಪ್ರತಿ ಮಾನಕ್ಕೂ ಕಾಲು ಮಾನ ನಷ್ಟ! ನಾಲ್ವರಿದ್ದರೆ ಹಾಕಿದ್ದು ಹಾಕಿದ ಹಾಗೆಯೇ ಬರುತ್ತದೆ. ಐವರಿದ್ದರೆ ಮಾತ್ರ ಕಾಲು ಮಾನ ಲಾಭ. ಆದುದರಿಂದ ಮೂವರ ನಡುವೆ ಬಲ್ಲವನು ಏರಿಸದೆ ಸರಿಗಟ್ಟಿ ಸುಮ್ಮನಿರುವನು. ಆಗಲೇ ರಾಶಿಯಲ್ಲಿರುವ ಹಣದ ಕಾಲುಭಾಗವನ್ನು ಬಿಟ್ಟು ಏಳುವುದೂ ತಪ್ಪಾದೀತು. ಅರಿಯದವನು ತನ್ನ ಕೈಯ ಹಿರಿಮೆಯಿಂದ ಉಬ್ಬಿ ಏರಿಸುತ್ತಲೇ ಹೋಗಿ, ಗೆದ್ದೆನೆಂದುಕೊಂಡು, ಕಡಮೆ ಹಣದೊಡನೆ ಏಳುವನು. ಇದರಿಂದಲೇ ನುರಿತವರು ಎರಡೂ ಕಡೆ ಗೆಲ್ಲಬಲ್ಲ ಎಲೆಗಳನ್ನು ಮಾತ್ರ ಹಿಡಿದು, ಏಳು, ಎಂಟು, ಒಂಬತ್ತುಗಳಂಥ ನಡುವಣ ಎಲೆಗಳ ಕೈಯನ್ನು ಮೊದಲ ಸುತ್ತಿನಲ್ಲಿಯೇ ಕೆಳಗಿಟ್ಟುಬಿಡುವರು. ಈ ಆಟದ ನೈಪುಣ್ಯದಲ್ಲಿ ಹೆಚ್ಚಿನ ಪಾಲು ಬಿಡುವುದರಲ್ಲಿದೆ. ಅಂದರ್-ಬಾಹರಿನಲ್ಲಿ ಹಣ ಕಟ್ಟಿದ ಮೇಲೆ ಬಿಡುವುದೆಂಬುದಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ಬಿಡಬಹುದಾಗಿದ್ದರೂ ಬಿಡಲಿಲ್ಲ. ಇಲ್ಲಿಯಾದರೋ ಪ್ರತಿ ಸುತ್ತೂ ಬಿಡುವೆಯೋ ಇರುವೆಯೋ ಎಂದು ಕೇಳುತ್ತದೆ.

ದೈವ ಪುರುಷಕಾರಗಳನ್ನು ಅಳೆಯುವ ಮಾನವು ಎಲೆ ಕಲಸುವುದರಲ್ಲಿಲ್ಲ, ಆಡುವವನ ಮುಂದೆ ಬರುವ ತೀರ್ಮಾನಗಳ ಸಂಖ್ಯೆಯಲ್ಲಿಯೂ ಅವುಗಳ ಭಾರದಲ್ಲಿಯೂ ಇದೆಯೆಂಬುದು ಈ ವಿವೇಚನೆಯಿಂದ ಸಿದ್ಧವಾಗುತ್ತದೆ. ಈ ಮಾನದಿಂದ ನೋಡಿದರೆ ಬೆಂಗಳೂರಿನ ತೀರ್ಪು ಗುಜರಾತಿನದಕ್ಕಿಂತ ಆಟದ ಸ್ವರೂಪಕ್ಕೆ ಹತ್ತಿರವಾದುದು. ಆದರೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಒಂದು ಕೈಯಲ್ಲಿ ಅಥವಾ ಒಂದು ಸಂಜೆಯಲ್ಲಿ ನೈಪುಣ್ಯವು ಪ್ರಕಟವಾಗುವುದಿಲ್ಲ. ಸಾವಿರಾರು ಕೈಗಳ ಮೇಲೆ ಮಾತ್ರ ಅದು ತಲೆಯೆತ್ತುತ್ತದೆ. ಅಷ್ಟರಲ್ಲಿ ಅನಿಪುಣನ ಹಣ ನಿಪುಣನ ಕಡೆಗೂ, ಕೌಟಿಲ್ಯನ ಅಧ್ಯಕ್ಷನಂತೆ ಪ್ರತಿ ರಾಶಿಯಿಂದಲೂ ತನ್ನ ಪಾಲನ್ನು ಎತ್ತಿಕೊಳ್ಳುವ ಆಟಮನೆಯ ಕಡೆಗೂ ಹರಿದುಹೋಗಿರುತ್ತದೆ. ಸೋತವನ ಮನೆಯವರಿಗೆ, ಹಣವು ದೈವದಿಂದ ಹೋಯಿತೋ ಪರರ ನೈಪುಣ್ಯದಿಂದ ಹೋಯಿತೋ ಎಂಬುದು ಅಪ್ರಸ್ತುತ. ನೈಪುಣ್ಯವಿದೆಯೆಂಬ ವಾದವು ಆಟವನ್ನು ಜೂಜೆಂಬ ಹೆಸರಿನಿಂದ ಬಿಡಿಸೀತೇ ಹೊರತು ಹಾನಿಯಿಂದ ಬಿಡಿಸಲಾರದು.

ಶಾಸನಕರ್ತರು ಹಿಡಿದುದು ಈ ಎಳೆಯನ್ನು. ದೂರವಾಣಿಯ ಮೂಲಕ ಮನೆಮನೆಯಲ್ಲಿಯೂ ಎಲೆಯಾಟವು ಹಬ್ಬಿದಾಗ ಕರ್ನಾಟಕ ಸರ್ಕಾರವು ಪೋಲೀಸ್ ಶಾಸನಕ್ಕೆ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂದಿತು. ಹಣವೊಡ್ಡಿ ಆಡುವ ನೈಪುಣ್ಯದ ಆಟಗಳೂ ಅದರಿಂದ ನಿಷಿದ್ಧವಾದುವು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಾಧೀಶ ಋತುರಾಜ್ ಅವಸ್ಥಿ, ನ್ಯಾಯಾಧೀಶ ಕೃಷ್ಣ ಎಸ್. ದೀಕ್ಷಿತ್ ಇವರ ಪೀಠವು, ನೈಪುಣ್ಯದ ಆಟಕ್ಕೂ ಅದೃಷ್ಟದ ಆಟಕ್ಕೂ ಇರುವ ಭೇದವನ್ನು ಅಳಿಸಿದ ಆ ವಿಧಿಗಳನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ರಾಜ್ಯವು ಮಾಡಲಾರದೆ ಹೋದುದನ್ನು ಕೇಂದ್ರವು ಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಶಾಸನವು, ಆಟವು ನೈಪುಣ್ಯದ್ದಾಗಲಿ ಅದೃಷ್ಟದ್ದಾಗಲಿ ಎರಡೂ ಕೂಡಿದುದಾಗಲಿ, ಗೆಲುವಿನಾಸೆಯಿಂದ ಹಣ ಹಾಕಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ಒಂದೇ ವ್ಯಾಖ್ಯೆಯ ಕೆಳಗೆ ತಂದಿತು. ಅದರ ವಿರುದ್ಧ ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ದಾಖಲಾದ ಅರ್ಜಿಯು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ವರ್ಗವಾಯಿತು. 1867ರ ಶಾಸನವು ತೆರೆದಿಟ್ಟ ಕಿರುಬಾಗಿಲು ಹೀಗೆ ಯಂತ್ರದ ಮುಂದೆ ಕುಳಿತು ಆಡುವವರಿಗೆ ಮುಚ್ಚಿಹೋಯಿತು. ಮೇಜಿನ ಸುತ್ತ ಮುಖಾಮುಖಿ ಕುಳಿತು ಆಡುವವರ ಮಟ್ಟಿಗೆ, 1963ರ ಶಾಸನದ 176ನೆಯ ಪ್ರಕರಣವು 2022ರ ತೀರ್ಪಿನಿಂದ ಮತ್ತೆ ಮೊದಲಿನ ರೂಪವನ್ನು ಪಡೆಯಿತು.